ಮೂರನೆಯ ಗುಹೆಯಿಂದ ಮೇಲಕ್ಕೆ

ಬಾದಾಮಿಯ ಕೆಂಪು ಮರಳುಗಲ್ಲಿನ ಬೆಟ್ಟದಲ್ಲಿ ನಾಲ್ಕು ಗುಹಾಲಯಗಳಿವೆ. ಮೊದಲನೆಯದರಲ್ಲಿ ಹದಿನೆಂಟು ತೋಳುಗಳ ನಟರಾಜನಿಗೆ ಎಲ್ಲರೂ ಕೈಮುಗಿಯುತ್ತಾರೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯ ಮಂಗಲೇಶನು ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ, ಕ್ರಿ.ಶ. 578ರಲ್ಲಿ, ಅದನ್ನು ವಿಷ್ಣುವಿಗೆ ಅರ್ಪಿಸಿದನೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಇಷ್ಟನ್ನು ನೋಡಿ ಅನೇಕ ಕುಟುಂಬಗಳು ಇಳಿದುಬಿಡುವುದನ್ನು ನಾವು ಕಂಡಿದ್ದೇವೆ.

ಒಮ್ಮೆ ನಮ್ಮೊಡನೆ ಬಂದಿದ್ದ ಹಿರಿಯ ಯಜಮಾನರೊಬ್ಬರು ಅಲ್ಲಿಯೇ ಕುಳಿತರು. “ಮ್ಯಾಲಿಂದು ಜೈನರ ಬಸದಿ ಅಲ್ಲೇನ್ರಿ ಶಾಸ್ತ್ರಿಗಳ, ನಮಗ್ಯಾಕ?” ಎಂದರು. ಮೊಣಕಾಲು ನೋವೆಂದಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಈ ಮಾತು ಮಾತ್ರ ನಮ್ಮನ್ನು ನೋಯಿಸಿತು. ವಾದಕ್ಕಿಳಿಯದೆ, ಆದಿಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣುವನ್ನು ಮತ್ತೊಮ್ಮೆ ನೋಡಬೇಕೆಂದು ಕೇಳಿಕೊಂಡೆವು. ಬಳಿಕ ಮೊಮ್ಮಗಳು ಅವರ ಕೈಹಿಡಿದು ಮೇಲಕ್ಕೆ ಕರೆತಂದಳು.

ನಾಲ್ಕನೆಯದು ಚಿಕ್ಕ ಗುಹೆ. ಮೊಗಸಾಲೆಯ ಒಂದು ಕೊನೆಯಲ್ಲಿ ಪಾರ್ಶ್ವನಾಥ, ಅವನ ತಲೆಯ ಮೇಲೆಯೂ ಸರ್ಪದ ಹೆಡೆಗಳು. ಇನ್ನೊಂದು ಕೊನೆಯಲ್ಲಿ ಬಳ್ಳಿ ಸುತ್ತಿದ ಬಾಹುಬಲಿ. ಯಜಮಾನರು ಬಹಳ ಹೊತ್ತು ನಿಂತು, “ಕೆಳಗಿನ ಹಾವು ಇಲ್ಲಿಗೂ ಬಂದೈತಲ್ರಿ!” ಎಂದರು. ಆಮೇಲೆ ಎಲ್ಲರಿಗಿಂತ ತಡವಾಗಿ ಹೊರಬಂದವರು ಅವರೇ.

ಆ ಗುಹೆಯ ಅಂಗಳದಿಂದ ಅಗಸ್ತ್ಯ ತೀರ್ಥವೂ ಅದರಾಚೆಯ ದಂಡೆಯ ಭೂತನಾಥ ದೇಗುಲವೂ ಕಾಣುತ್ತವೆ. ಮಳೆಗಾಲದಲ್ಲಿ ಹೋದವರಿಗೆ ಬಂಡೆಯಿಂದ ಧುಮುಕುವ ಅಕ್ಕ-ತಂಗಿ ಜಲಪಾತವೂ ದೊರೆತೀತು. ಬೇಸಿಗೆಯಲ್ಲಾದರೆ ಬೆಳಗಿನ ತಂಪಿನಲ್ಲಿಯೇ ಮೆಟ್ಟಿಲು ಹತ್ತುವುದು ಲೇಸು. ಬುತ್ತಿಯ ಗಂಟನ್ನು ಮಾತ್ರ ಕೈಯಲ್ಲಿ ಹಿಡಿಯಬೇಡಿರಿ. ಅಲ್ಲಿಯ ಮಂಗಗಳು ಹಂಚಿಕೊಂಡು ಉಣ್ಣುವ ಜಾತಿಯವಲ್ಲ.