ಅಂಟಿಸಿದ ಬಂದೂಕಿಗೆ ಪ್ಯಾಚ್ ಇಲ್ಲ

ಇಲ್ಲಿ ಏನಾದರೂ ಬರೆದು ಎಷ್ಟೋ ತಿಂಗಳಾದವು. ಕೆಲಸ, ರಿಲೀಸು, ಮತ್ತೆ ಕೆಲಸ... ಅದೇ ಹಳೇ ನೆಪ, ಬಿಡಿ. ಇವತ್ತು ಬರೆಯುತ್ತಿರುವುದು ನನ್ನ ಒಂದು ಹುಚ್ಚಿನ ಬಗ್ಗೆ. ಅಮ್ಮ ನೆಂಟರಿಗೆಲ್ಲ ಫೋನಿನಲ್ಲಿ ಹೇಳುವ ಹಾಗೆ, "ಇಂಜಿನಿಯರಿಂಗ್ ಓದಿದ ಮಗ ರಾತ್ರಿ ಹನ್ನೊಂದಕ್ಕೆ ಬೊಂಬೆಗೆ ಬಣ್ಣ ಹಚ್ಚುತ್ತಾ ಕೂತಿರ್ತಾನೆ".

ಬೊಂಬೆ ಅನ್ನುವುದು ಸುಳ್ಳೇನಲ್ಲ. ವಾರ್‌ಹ್ಯಾಮರ್ 40,000 ಎಂಬ ಆಟ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿ ಇದನ್ನು 1987ರಲ್ಲಿ ಶುರು ಮಾಡಿತು. ಮೊದಲ ಪುಸ್ತಕ ಬರೆದವರು ರಿಕ್ ಪ್ರೀಸ್ಟ್ಲಿ. ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರನ್ನು ತುಂಡು ತುಂಡಾಗಿ ಕೊಂಡು, ಅಂಟು ಹಾಕಿ ಜೋಡಿಸಿ, ಬಣ್ಣ ಬಳಿದು, ಊಟದ ಮೇಜಿನಷ್ಟು ಜಾಗದಲ್ಲಿ ಇಂಚು ಟೇಪು ಹಿಡಿದು ನಡೆಸುತ್ತಾ, ದಾಳ ಉರುಳಿಸಿ ಯುದ್ಧ ಮಾಡುವುದು. ಪ್ರತಿ ತುಕಡಿಗೂ ಒಂದು ಬೆಲೆ ಇದೆ, ಅದಕ್ಕೆ ಪಾಯಿಂಟ್ ಅಂತಾರೆ. ಇಬ್ಬರೂ ತಲಾ 2000 ಪಾಯಿಂಟಿನ ಸೈನ್ಯ ತಂದರೆ ಆಟ ಸಮ-ಸಮ. ಲೆಕ್ಕದ ಪ್ರಕಾರ!

ಈ "ಲೆಕ್ಕದ ಪ್ರಕಾರ" ಅನ್ನುವುದರ ಬಗ್ಗೆಯೇ ಇವತ್ತಿನ ಜಗಳ.

2023ರ ಬೇಸಿಗೆಯಲ್ಲಿ ನಾನು ಆನ್‌ಸೈಟ್ ಕೆಲಸಕ್ಕೆಂದು ಡರ್ಬಿಯಲ್ಲಿದ್ದೆ. ನನಗೆ ಈ ಆಟ ಕಲಿಸಿದ್ದು ನಮ್ಮ ಟೀಮಿನ ಟೆಸ್ಟರ್. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ನಾನು ಬರೆದ ಕೋಡಿನಲ್ಲಿ ತಪ್ಪು ಹುಡುಕುವುದರಲ್ಲಿ ಪರಮಸುಖ ಕಾಣುವವನು. ಅವನದು ಡೆತ್ ಗಾರ್ಡ್ ಸೈನ್ಯ: ತುಕ್ಕು ಹಿಡಿದ ರಕ್ಷಾಕವಚ, ಕೊಳೆತ ಮೈ, ಹಸಿರು ಕೀವು. ನೋಡಿದರೆ ವಾಕರಿಕೆ ಬರಬೇಕು, ಹಾಗೆ ಬಳಿದಿದ್ದ. ಆ ತುಕ್ಕಿನ ಬಣ್ಣ ಕಲಿಯುವುದಕ್ಕೇ ಒಂದು ವರ್ಷ ಹಿಡಿಯಿತಂತೆ. ಹತ್ತನೇ ಆವೃತ್ತಿಯ ನಿಯಮಗಳು ಜೂನ್‌ನಲ್ಲಷ್ಟೇ ಬಂದಿದ್ದವು. ನಾನು ಕ್ಲಬ್ಬಿನ ಒಬ್ಬರಿಂದ ಏಲ್ಡಾರಿ ಸೈನ್ಯ ಎರವಲು ಪಡೆದೆ. ಯಾವ ತುಕಡಿ ಎಷ್ಟು ಅನ್ನುವ ಪಟ್ಟಿಯನ್ನು ನೆಟ್ಟಿನಿಂದ ಎತ್ತಿಕೊಂಡೆ. ಗೆಲ್ಲಬೇಕಿತ್ತಲ್ಲ.

ಗೆದ್ದೆ. ಐದು ಸುತ್ತಿನ ಆಟದಲ್ಲಿ ಎರಡನೇ ಸುತ್ತು ಮುಗಿಯುವ ಹೊತ್ತಿಗೆ ಅವನ ಮೇಜು ಅರ್ಧ ಖಾಲಿ. ಅವನು ಏನೂ ಅನ್ನಲಿಲ್ಲ. ಒಂದೊಂದೇ ಬೊಂಬೆಯನ್ನು ಎತ್ತಿ ಸ್ಪಂಜಿನ ಗೂಡಿನಲ್ಲಿಟ್ಟ. ನಂತರ "ಚೆನ್ನಾಗಿ ಆಡಿದೆ" ಅಂದ. ನಾನು ಆಡಿರಲೇ ಇಲ್ಲ, ಆಡಿದ್ದು ಆ ಪಟ್ಟಿ. ಇಬ್ಬರಿಗೂ ಗೊತ್ತಿತ್ತು.

ಏನಾಗಿತ್ತು ಅಂದರೆ... ಸ್ವಲ್ಪ ಗಣಿತ ಹೇಳಬೇಕು, ಸಹಿಸಿಕೊಳ್ಳಿ. ಈ ಆಟದಲ್ಲಿ ಒಂದು ಗುಂಡು ಮೂರು ಬಾಗಿಲು ದಾಟಬೇಕು. ಗುರಿ ತಾಗಬೇಕು, ತಾಗಿದ್ದು ಗಾಯ ಮಾಡಬೇಕು, ಎದುರಾಳಿಯ ಕವಚ ಸೋಲಬೇಕು. ಗುರಿಗೆ 3 ಅಥವಾ ಮೇಲೆ, ಗಾಯಕ್ಕೆ 4 ಅಥವಾ ಮೇಲೆ, ಕವಚ ಉಳಿಯಲು 3 ಅಥವಾ ಮೇಲೆ ಬೀಳಬೇಕು ಅಂದುಕೊಳ್ಳಿ. 18 ಗುಂಡು ಹಾರಿಸಿದರೆ 12 ತಾಗುತ್ತವೆ, 6 ಗಾಯ, ಕೊನೆಗೆ 2 ಸಾವು. ಈಗ "ಗುರಿ ತಪ್ಪಿದ ದಾಳವನ್ನು ಇನ್ನೊಮ್ಮೆ ಉರುಳಿಸಬಹುದು" ಅನ್ನುವ ಸಣ್ಣ ಉಪಕಾರ ಸೇರಿಸಿ. 2 ಇದ್ದದ್ದು ಸುಮಾರು 2.7 ಆಗುತ್ತದೆ. ಜೊತೆಗೆ "ಗಾಯಕ್ಕೆ 3 ಸಾಕು" ಅನ್ನುವ ಇನ್ನೊಂದು ಸಣ್ಣ ಉಪಕಾರ. ಮೂರೂವರೆ ದಾಟಿತು! ಎರಡೂ ನಿಯಮಗಳನ್ನು ಬೇರೆ ಬೇರೆಯಾಗಿ ನೋಡಿದರೆ ಯಾರಿಗೂ ಭಯವಾಗುವುದಿಲ್ಲ. ಗುಣಾಕಾರದ ಗುಣವೇ ಹಾಗೆ.

ಏಲ್ಡಾರಿಗಳ ಕತೆ ಇದಕ್ಕಿಂತ ಒಂದು ಕೈ ಮೇಲು. ಆಟದ ಶುರುವಿನಲ್ಲೇ 12 ದಾಳ ಉರುಳಿಸಿ ಪಕ್ಕಕ್ಕಿಟ್ಟುಕೊಳ್ಳಬಹುದಿತ್ತು. ಆಮೇಲೆ ಬೇಕಾದಾಗ, ಉರುಳಿಸುವ ಬದಲು ಇಟ್ಟುಕೊಂಡಿದ್ದ ಅಂಕೆಯನ್ನೇ ಬಳಸುವುದು. ಭವಿಷ್ಯ ಬಲ್ಲ ಜನಾಂಗ ಅಂತ ಕತೆ, ಅದಕ್ಕೆ ತಕ್ಕ ನಿಯಮ, ಬಹಳ ಚೆಂದ. ಇನ್ನೊಂದು ಮೂಲೆಯಲ್ಲಿ ಡೆವಾಸ್ಟೇಟಿಂಗ್ ವೂಂಡ್ಸ್ ಅನ್ನುವ ನಿಯಮ: ಕೆಲವು ಆಯುಧಗಳಿಗೆ ಗಾಯದ ದಾಳದಲ್ಲಿ 6 ಬಿದ್ದರೆ ಕವಚದ ಪ್ರಶ್ನೆಯೇ ಇಲ್ಲ, ಪೆಟ್ಟು ನೇರವಾಗಿ ಇಳಿದು ಪಕ್ಕದವನಿಗೂ ಹರಿಯುತ್ತದೆ. 6 ಬೀಳುವುದು ಅಪರೂಪ ಅನ್ನುವ ಭರವಸೆಯ ಮೇಲೆ ನಿಂತ ನಿಯಮ ಅದು. ಆದರೆ ನನ್ನ ಹತ್ತಿರ ಮೊದಲೇ ಎತ್ತಿಟ್ಟ 6 ಇದೆಯಲ್ಲ! ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡು ಮಾಡ್ಯೂಲುಗಳೂ ಯೂನಿಟ್ ಟೆಸ್ಟ್ ಪಾಸು, ಇಂಟಿಗ್ರೇಷನ್‌ನಲ್ಲಿ ಬೆಂಕಿ.

ಕಂಪನಿ ಸುಮ್ಮನೆ ಕೂರಲಿಲ್ಲ. ಏಲ್ಡಾರಿಗಳ ಪಾಯಿಂಟ್ ಏರಿತು, ಕೆಲವೇ ತಿಂಗಳಲ್ಲಿ ಆ ದಾಳಗಳ ಬಳಕೆಗೂ ಕತ್ತರಿ ಬಿತ್ತು. ಸೆಪ್ಟೆಂಬರ್ 2023ರಲ್ಲಿ ಡೆವಾಸ್ಟೇಟಿಂಗ್ ವೂಂಡ್ಸ್ ಪೆಟ್ಟು ಪಕ್ಕದವನಿಗೆ ಹರಿಯದ ಹಾಗೆ ಬದಲಾಯಿತು. ಬ್ಯಾಲೆನ್ಸ್ ಡೇಟಾಸ್ಲೇಟ್ ಎಂಬ ಹೆಸರಿನ ಈ ಉಚಿತ ತಿದ್ದುಪಡಿಗಳು ಶುರುವಾದದ್ದು 2021ರಲ್ಲಿ. ಅದಕ್ಕೂ ಮೊದಲು ಕೆಟ್ಟ ನಿಯಮವೊಂದು ಪುಸ್ತಕದಲ್ಲಿ ಅಚ್ಚಾದರೆ ಎಷ್ಟೋ ಸಲ ಮುಂದಿನ ಪುಸ್ತಕದವರೆಗೆ ಅನುಭವಿಸಬೇಕಿತ್ತು. 2022ರಲ್ಲಿ ಲೀಗ್ಸ್ ಆಫ್ ವೋಟನ್ ಎಂಬ ಸೈನ್ಯ ಎಷ್ಟು ಜೋರಾಗಿತ್ತೆಂದರೆ, ಪುಸ್ತಕ ಬಿಡಿಯಾಗಿ ಅಂಗಡಿಗೆ ಬರುವ ಮೊದಲೇ ಅದರ ಪಾಯಿಂಟ್ ಏರಿಸಬೇಕಾಯಿತು.

ನಾನು ಆಗ ಇದನ್ನೆಲ್ಲ ನೋಡಿ ಕುಣಿದಾಡಿದೆ. ಬಗ್ ಬಂತು, ಪ್ಯಾಚ್ ಬಂತು, ಇನ್ನೇನು ಬೇಕು? ನಾವು ಎರಡು ವಾರಕ್ಕೊಮ್ಮೆ ರಿಲೀಸ್ ಮಾಡುತ್ತೇವೆ, ಇವರು ಮೂರು ತಿಂಗಳಿಗೊಮ್ಮೆ ಮಾಡಲಿ. ಟೆಸ್ಟರ್ ಮಹಾಶಯನಿಗೆ ಹಾಗೇ ಹೇಳಿದೆ ಕೂಡ. ಅವನು "ಸರಿ, ಆದರೆ ಈ ಪ್ಯಾಚ್ ಇನ್‌ಸ್ಟಾಲ್ ಆಗುವುದು ಎಲ್ಲಿ?" ಅಂತ ಕೇಳಿ ಚಹಾ ಕುಡಿಯಲು ಹೋದ.

ಉತ್ತರ ಹೊಳೆದದ್ದು ಬೆಂಗಳೂರಿಗೆ ವಾಪಸು ಬಂದ ಮೇಲೆ. ಇಲ್ಲಿ ನಾವು ಆಡುವವರು ಬೆರಳೆಣಿಕೆ. ಒಂದು ಭಾನುವಾರ ಪಿಯುಸಿ ಓದುವ ಹುಡುಗನೊಬ್ಬನ ಜೊತೆ ಆಡುತ್ತಾ, ಬದಲಾಗಿ ತಿಂಗಳುಗಳಾಗಿದ್ದ ಅದೇ ಡೆವಾಸ್ಟೇಟಿಂಗ್ ವೂಂಡ್ಸ್ ನಿಯಮವನ್ನು ಹಳೇ ರೀತಿಯಲ್ಲೇ ಆಡಿ ಅವನ ಮೂರು ಸೈನಿಕರನ್ನು ಎತ್ತಿಸಿಬಿಟ್ಟೆ. "ಅಣ್ಣಾ, ಅದು ಈಗ ಹಾಗಿಲ್ಲ" ಅಂದ. ನಾನು ವಾದಿಸಿದೆ, ದನಿ ಏರಿಸಿ. ಅವನು ಫೋನಿನಲ್ಲಿ ಪಿಡಿಎಫ್ ತೆಗೆದು ತೋರಿಸಿದ. ಮುಖ ಎಲ್ಲಿಟ್ಟುಕೊಳ್ಳಲಿ?

ಕಂಪ್ಯೂಟರ್ ಆಟದಲ್ಲಿ ಸರ್ವರ್ ಅಪ್‌ಡೇಟ್ ಆದರೆ ಎಲ್ಲರಿಗೂ ಆಯಿತು. ಮೇಜಿನ ಆಟದಲ್ಲಿ ಸರ್ವರ್ ಇರುವುದು ನಮ್ಮ ತಲೆಯೊಳಗೆ. ಪ್ರತಿಯೊಬ್ಬನೂ ಕೈಯಾರೆ ಓದಿ, ಹಳೆಯದನ್ನು ಮರೆತು, ಹೊಸದನ್ನು ನೆನಪಿಡಬೇಕು. ವಾರಕ್ಕೆ ಮೂರು ಆಟ ಆಡುವ ಟೂರ್ನಮೆಂಟ್ ಆಟಗಾರನಿಗೆ ಇದು ಸುಲಭ. ಎರಡು ತಿಂಗಳಿಗೊಮ್ಮೆ ಆಡುವ ನನ್ನಂಥವನಿಗೆ ಪ್ರತಿ ಸಲವೂ ಹೊಸ ಆಟ. ಹೆಚ್ಚಿನವರು ನನ್ನಂಥವರೇ ಅಂತ ನನ್ನ ಗುಮಾನಿ.

ಇದಕ್ಕಿಂತ ದೊಡ್ಡ ಸಮಸ್ಯೆ ಅಂಟು. ಹೌದು, ಗೋಂದು! ಹತ್ತನೇ ಆವೃತ್ತಿಯಲ್ಲಿ ಬಹುಪಾಲು ಆಯುಧಗಳಿಗೆ ಪ್ರತ್ಯೇಕ ಪಾಯಿಂಟ್ ತೆಗೆದುಹಾಕಿದರು. ಹತ್ತು ಜನರ ತುಕಡಿಗೆ ಇಷ್ಟು, ಕೈಯಲ್ಲಿ ಏನಿದ್ದರೂ ಅಷ್ಟೇ. ಲೆಕ್ಕ ಸರಳವಾಯಿತು, ನಿಜ. ಆದರೆ ಹತ್ತು ವರ್ಷದ ಹಿಂದೆ ಪಾಯಿಂಟ್ ಉಳಿಸಲು ತನ್ನ ಸೈನಿಕರಿಗೆಲ್ಲ ಸಾದಾ ಬಂದೂಕು ಅಂಟಿಸಿದವನನ್ನು ನೆನೆಯಿರಿ. ಅವನದು ಆಗ ಜಾಣ ಲೆಕ್ಕಾಚಾರ. ಈಗ ಅವನು ಪ್ಲಾಸ್ಮಾ ಬಂದೂಕಿನ ಬೆಲೆ ಕೊಟ್ಟು ಸಾದಾ ಬಂದೂಕು ಹೊರುತ್ತಾನೆ. ನಾವಾದರೆ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಬದಲಿಸುತ್ತೇವೆ. ಅವನು ಬ್ಲೇಡು ತಗೊಂಡು ತಾನೇ ಬಣ್ಣ ಹಚ್ಚಿದ ಕೈಯನ್ನು ಕತ್ತರಿಸಬೇಕು. ಬೊಂಬೆಯ ಕೈಯಲ್ಲಿ ಏನು ಕಾಣುತ್ತದೋ ಅದೇ ಆಯುಧ ಅನ್ನುವುದು ಈ ಆಟದ ರೂಢಿ, ಹಾಗಾಗಿ "ಇದನ್ನೇ ಪ್ಲಾಸ್ಮಾ ಅಂದುಕೋ ಮಾರಾಯ" ಅಂದರೆ ಎಲ್ಲರೂ ಒಪ್ಪುವುದಿಲ್ಲ.

ಪಾಯಿಂಟ್ ಬದಲಿಸಿದರೆ ಒಬ್ಬನನ್ನು ಮನೆಯಲ್ಲಿ ಬಿಟ್ಟು ಬರುತ್ತೇವೆ, ಅಷ್ಟೇ. ನಿಯಮದ ಸ್ವರೂಪವೇ ಬದಲಾದರೆ ಅವನ ಕೈಯ ಕೆಲಸ ಸುಳ್ಳಾಗುತ್ತದೆ. ಇವೆರಡನ್ನೂ "ಬ್ಯಾಲೆನ್ಸ್" ಅನ್ನುವ ಒಂದೇ ಚೀಲಕ್ಕೆ ತುಂಬುವುದಕ್ಕೇ ನನ್ನ ತಕರಾರು.

ಹಾಗಂತ ಪಾಯಿಂಟೇ ಬೇಡ ಅನ್ನುವ ಪ್ರಯೋಗವೂ ಆಗಿದೆ. 2015ರಲ್ಲಿ ಇದೇ ಕಂಪನಿ ತನ್ನ ಹಳೇ ವಾರ್‌ಹ್ಯಾಮರ್ ಫ್ಯಾಂಟಸಿ ಆಟವನ್ನು (1983ರಿಂದ ಇದ್ದದ್ದು) ಮುಗಿಸಿ ಏಜ್ ಆಫ್ ಸಿಗ್ಮಾರ್ ತಂದಿತು. ನಾಲ್ಕು ಪುಟದ ನಿಯಮ, ಪಾಯಿಂಟ್ ಇಲ್ಲ, ಎಷ್ಟು ಬೇಕೋ ಅಷ್ಟು ಸೈನ್ಯ ತನ್ನಿ. ಎದುರಾಳಿಗಿಂತ ನಿಮ್ಮ ಗಡ್ಡ ಭವ್ಯವಾಗಿದ್ದರೆ ಲಾಭ ಅನ್ನುವ ನಿಯಮ ಕೂಡ ಇತ್ತು, ತಮಾಷೆಯಲ್ಲ (ಅಥವಾ ತಮಾಷೆಯೇ). ಜನ ತಲೆ ಚಚ್ಚಿಕೊಂಡರು. 2016ರಲ್ಲಿ ಜನರಲ್ಸ್ ಹ್ಯಾಂಡ್‌ಬುಕ್ ಎಂಬ ಪುಸ್ತಕದಲ್ಲಿ ಪಾಯಿಂಟ್ ವಾಪಸು ಬಂತು. ಸತ್ತ ಫ್ಯಾಂಟಸಿ ಆಟವೂ 2024ರ ಜನವರಿಯಲ್ಲಿ ದಿ ಓಲ್ಡ್ ವರ್ಲ್ಡ್ ಎಂದು ಎದ್ದು ಬಂತು. ಅಳತೆಗೋಲು ಬೇಕೇ ಬೇಕು. ನಾನು ಕೇಳುವುದು ಯಾವುದನ್ನು ಅಳೆಯುತ್ತಿದ್ದೇವೆ ಅಂತ.

ಕಂಪನಿ ಬಹಿರಂಗವಾಗಿ ಹೇಳಿಕೊಂಡ ಗುರಿ ಟೂರ್ನಮೆಂಟುಗಳಲ್ಲಿ ಪ್ರತಿ ಸೈನ್ಯದ ಗೆಲುವು 45ರಿಂದ 55 ಶೇಕಡಾ ಒಳಗೆ ಇರಬೇಕು ಅಂತ. ಡ್ಯಾಶ್‌ಬೋರ್ಡ್ ನೋಡಿ ಬೆಳೆದ ನನಗೆ ಇಂಥ ಅಂಕೆ ಕಂಡರೆ ಪ್ರೀತಿ. ಆದರೆ ಅದೇ ಕಾರಣಕ್ಕೆ ಅದರ ಮೋಸವೂ ಗೊತ್ತು. ಒಂದು ಸೈನ್ಯದಲ್ಲಿ ಮೂವತ್ತು ಬಗೆಯ ತುಕಡಿಗಳಿದ್ದು ಐದೇ ಐದು ಉಪಯೋಗಕ್ಕೆ ಬಂದರೂ, ಎಲ್ಲರೂ ಆ ಐದನ್ನೇ ತಂದು ಅರ್ಧ ಆಟ ಗೆದ್ದರೆ ಡ್ಯಾಶ್‌ಬೋರ್ಡ್ ಹಸಿರು. ಉಳಿದ ಇಪ್ಪತ್ತೈದರಲ್ಲಿ ಒಂದನ್ನು ಆಸೆಪಟ್ಟು ಕೊಂಡು ಬಣ್ಣ ಹಚ್ಚಿದವನು ಎಲ್ಲೂ ಕಾಣುವುದಿಲ್ಲ. ಇನ್ನೊಂದು, ಸೈನ್ಯ ದುರ್ಬಲ ಅಂತ ಗೊತ್ತಾದ ಕೂಡಲೇ ಗಟ್ಟಿ ಆಟಗಾರರು ಬೇರೆ ಸೈನ್ಯಕ್ಕೆ ಹಾರುತ್ತಾರೆ. ಆಮೇಲೆ ಕಾಣುವ ಅಂಕೆ ಸೈನ್ಯದ್ದೋ ಉಳಿದುಕೊಂಡವರದ್ದೋ?

ಅಜ್ಜಿಯ ಮನೆಯ ಜಗುಲಿಯ ಮೇಲೆ ಆಡುತ್ತಿದ್ದ ಹುಲಿ-ಕುರಿ ಆಟ ನೆನಪಿದೆಯಾ? ಮೂರು ಹುಲಿ, ಹದಿನೈದು ಕುರಿ. ಎರಡು ಕಡೆಯೂ ಸಮ ಅಲ್ಲವೇ ಅಲ್ಲ. ಹುಲಿಗೆ ಲಾಭವೋ ಕುರಿಗೋ ಅಂತ ಯಾರೂ ತಿದ್ದುಪಡಿ ತರಲಿಲ್ಲ. ಒಂದು ಆಟ ಮುಗಿದರೆ "ಈಗ ನಾನು ಹುಲಿ" ಅಂತ ಬದಲಾಯಿಸಿಕೊಳ್ಳುತ್ತಿದ್ದೆವು, ಮುಗಿಯಿತು. ವಾರ್‌ಹ್ಯಾಮರಿನಲ್ಲಿ ಹಾಗೆ ಬದಲಾಯಿಸುವುದು ಕಷ್ಟ, ಯಾಕೆಂದರೆ ಸೈನ್ಯ ಅವರವರ ಸ್ವಂತದ್ದು. ಟೆಸ್ಟರ್ ಒಂದು ವರ್ಷ ತುಕ್ಕು ಬಳಿದದ್ದು ಡೆತ್ ಗಾರ್ಡ್ ಗೆಲ್ಲುತ್ತದೆ ಅಂತಲ್ಲ, ಅವನಿಗೆ ಆ ಕೊಳಕು ಇಷ್ಟ ಅಂತ.

ಇನ್ನೂ ಹಿಂದಕ್ಕೆ ಹೋದರೆ, ಇಂಥ ಆಟಗಳಲ್ಲಿ ಮೂರನೆಯವನೊಬ್ಬ ಇರುತ್ತಿದ್ದ. 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಜ್ ಪ್ರಕಟಿಸಿದ ಕ್ರೀಗ್‌ಸ್ಪೀಲ್ ಎಂಬ ಯುದ್ಧದಾಟಕ್ಕೆ ಅಂಪೈರ್ ಬೇಕಿತ್ತು. ನಿಯಮ, ಕೋಷ್ಟಕಗಳ ಹೊರೆ ಹೆಚ್ಚಾಯಿತೆಂದು 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಪ್ರಷ್ಯಾದ ಇನ್ನೊಬ್ಬ ಅಧಿಕಾರಿ, ಅನುಭವಸ್ಥ ಅಂಪೈರ್ ಹೇಳಿದ್ದೇ ಸಾಕು ಅಂದ. 1987ರ ಮೊದಲ ವಾರ್‌ಹ್ಯಾಮರ್ 40,000 ಕೂಡ ಆಟ ನಡೆಸಿಕೊಡುವ ಒಬ್ಬ ಗೇಮ್‌ಮಾಸ್ಟರ್ ಇರುತ್ತಾನೆಂದು ಊಹಿಸಿಯೇ ಬರೆದದ್ದು. ಒಬ್ಬನಿಗೆ ಅನ್ಯಾಯವಾಗುತ್ತಿದ್ದರೆ ಗುಡ್ಡದ ಹಿಂದಿನಿಂದ ನಾಲ್ಕು ಜನರನ್ನು ಕಳಿಸಲು ಅವನಿದ್ದ. ಅವನು ಮೇಜು ಬಿಟ್ಟು ಹೋದ ಮೇಲೆ ಆ ಕೆಲಸವೆಲ್ಲ ಪಾಯಿಂಟ್ ಪಟ್ಟಿಯ ತಲೆಗೆ ಬಂತು. ಪಾಪ, ಪಟ್ಟಿ ಎಷ್ಟು ಅಂತ ಮಾಡೀತು?

ನನ್ನನ್ನು ಕೇಳಿದರೆ (ಯಾರೂ ಕೇಳಿಲ್ಲ :)) ಪಾಯಿಂಟನ್ನು ಬೇಕಾದಷ್ಟು ಸಲ ತಿದ್ದಲಿ, ಅದು ತರಕಾರಿ ರೇಟಿನ ಹಾಗೆ, ಆಟಕ್ಕೆ ಮುಂಚೆ ನೋಡಿಕೊಂಡರಾಯಿತು. ನಿಯಮದ ಮಾತುಗಳನ್ನು ಮಾತ್ರ ಆವೃತ್ತಿ ಮುಗಿಯುವ ತನಕ ಮುಟ್ಟಬಾರದು, ಡೆವಾಸ್ಟೇಟಿಂಗ್ ವೂಂಡ್ಸ್‌ನಂಥ ಬೆಂಕಿ ಬಿದ್ದ ಹೊರತು. 1998ರಿಂದ 2004ರವರೆಗೆ ಆರು ವರ್ಷ ಒಂದೇ ಆವೃತ್ತಿ ನಡೆದಿತ್ತು. 2017ರಿಂದ ಈಚೆಗೆ ಮೂರು ವರ್ಷಕ್ಕೊಂದು, 2017, 2020, 2023. 2024ರ ಕೊನೆಗೆ ಲಂಡನ್ ಷೇರುಪೇಟೆಯ ಎಫ್‌ಟಿಎಸ್‌ಇ 100 ಪಟ್ಟಿ ಸೇರಿದ ಕಂಪನಿಗೆ ನಿಧಾನ ಮಾಡು ಅಂತ ಹೇಳಲು ನಾನು ಯಾರು? ಆದರೂ ಮೂರು ವರ್ಷವೂ ನಿಲ್ಲದ ನಿಯಮವನ್ನು ಪುಸ್ತಕದಲ್ಲಿ ಅಚ್ಚು ಹಾಕಿ ಮಾರುವುದು ನನಗೆ ಸರಿ ಕಾಣುವುದಿಲ್ಲ.

ಅಂದ ಹಾಗೆ, ಟೆಸ್ಟರ್ ಬರುವ ತಿಂಗಳು ಕೆಲಸದ ಮೇಲೆ ಬೆಂಗಳೂರಿಗೆ ಬರುತ್ತಿದ್ದಾನೆ, ಸ್ಪಂಜಿನ ಪೆಟ್ಟಿಗೆ ಸಮೇತ. ಹುಲಿ-ಕುರಿ ವಿಷಯ ಹೇಳಿದ್ದೆ. ಎರಡು ಆಟ ಆಡೋಣ, ಮಧ್ಯೆ ಸೈನ್ಯ ಬದಲಾಯಿಸೋಣ ಅಂತ ಅವನೇ ಬರೆದಿದ್ದಾನೆ. ನನ್ನ ಟಿರಾನಿಡ್‌ಗಳ ಉಗುರು ತುಂಬಾ ತೆಳು, ಅವನು ಹುಷಾರಾಗಿ ಹಿಡಿಯುತ್ತಾನೆ ಬಿಡಿ. ನನಗೆ ಭಯ ಇರುವುದು ಅವನ ತುಕ್ಕಿನ ಬೊಂಬೆಗಳು ನನ್ನ ಕೈಯಿಂದ ಜಾರಿದರೆ ಅಂತ. ಮೇಜಿನ ಕೆಳಗೆ ಕಂಬಳಿ ಹಾಸಿಡಬೇಕು.