ಎರಡು ದಾರಿಗೆ ಒಂದೇ ಟೈರು

ಹೈಬ್ರಿಡ್ ಎಂದೊಡನೆ ಕರಾವಳಿಯವರಿಗೆ ನೆನಪಾಗುವುದು ತೆಂಗಿನ ಸಸಿ. ಗಿಡ್ಡ ತಳಿಯಂತೆ ಬೇಗ ಫಸಲು ಬರಬೇಕು, ಎತ್ತರ ತಳಿಯಂತೆ ಒಳ್ಳೆಯ ಕೊಬ್ಬರಿಯೂ ಬೇಕು ಎಂದು ಎರಡನ್ನೂ ಕೂಡಿಸಿದ ಮರ ಅದು. ಸೈಕಲ್ಲಿನಲ್ಲಿಯೂ ಹೈಬ್ರಿಡ್ ಇದೆ. ಡಾಮರು ರಸ್ತೆಯ ಸೈಕಲ್ಲಿನ ದೊಡ್ಡ ಚಕ್ರ, ಗುಡ್ಡದ ಸೈಕಲ್ಲಿನ ನೇರ ಹ್ಯಾಂಡಲ್ಲು ಇದರಲ್ಲಿ ಒಂದಾಗಿವೆ. ಆದರೆ ಅದು ನಿಜಕ್ಕೂ ಎರಡು ದಾರಿಗೆ ಒಗ್ಗುತ್ತದೆಯೆ ಎಂಬುದನ್ನು ನಿರ್ಧರಿಸುವುದು ನೆಲಕ್ಕೆ ತಾಗುವ ಟೈರು.

ತೊಕ್ಕೊಟ್ಟಿನ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳಬಹುದು. ವಾರದಲ್ಲಿ ಆರು ದಿನ ಅವನ ಸವಾರಿ ದೇರಳಕಟ್ಟೆ, ಕೊಣಾಜೆ ಕಡೆಗಿನ ಗಟ್ಟಿ ರಸ್ತೆಯಲ್ಲಿ. ಭಾನುವಾರ ಗೆಳೆಯರೊಂದಿಗೆ ಮುರಕಲ್ಲಿನ ಗುಡ್ಡದ ಕಾಲುದಾರಿ. ಬೇಸಿಗೆಯಲ್ಲಿ ಅಲ್ಲಿ ಉದುರು ಜಲ್ಲಿ, ಮಳೆಗಾಲದಲ್ಲಿ ಕೆಂಪು ಕೆಸರು. ವರ್ಷಕ್ಕೆ ಸುಮಾರು ಮೂರೂವರೆ ಮೀಟರು ಮಳೆ ಸುರಿಯುವ ಊರು ಬೇರೆ. ಹೀಗಾಗಿ ಟೈರು ಕೊಳ್ಳಲು ಹೋದ ತಂದೆ ಅಂಗಡಿಯಲ್ಲಿರುವ ಅತಿ ದಪ್ಪ ಹಲ್ಲಿನ ಟೈರಿಗೇ ಕೈ ಹಾಕುತ್ತಾರೆ. ಹಲ್ಲು ದಪ್ಪವಿದ್ದಷ್ಟೂ ಮಳೆಯಲ್ಲಿ ಜಾರುವುದಿಲ್ಲ ಎಂಬ ನಂಬಿಕೆ. ಅದು ಅರ್ಧ ಮಾತ್ರ ನಿಜ.

ಒಂದು ಸಣ್ಣ ಲೆಕ್ಕ. ಸವಾರ, ಸೈಕಲ್ಲು ಸೇರಿ 70 ಕಿಲೊ. ಟೈರಿನ ಒತ್ತಡ 50 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಮೂರೂವರೆ ಕಿಲೊ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಬರುವುದು 20 ಚದರ ಸೆಂಟಿಮೀಟರು. ಎರಡೂ ಟೈರು ಸೇರಿ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಬೆಂಕಿಪೊಟ್ಟಣದಷ್ಟೇ! ಗಟ್ಟಿ ರಸ್ತೆಯಲ್ಲಿ ಹಿಡಿತ ಕೊಡುವುದು ರಬ್ಬರು. ಹಲ್ಲುಗಳ ನಡುವೆ ಸಂದು ಹೆಚ್ಚಿದಂತೆ ರಸ್ತೆಗೆ ತಾಗುವ ರಬ್ಬರು ಕಡಿಮೆಯಾಗುತ್ತದೆ. ತಿರುವಿನಲ್ಲಿ ಉದ್ದನೆಯ ಹಲ್ಲು ಬಾಗುವುದೂ ಉಂಟು.

ಹಾಗಾದರೆ ನೀರು ಹರಿದುಹೋಗಲು ಗೆರೆಗಳು ಬೇಡವೆ? ಕಾರಿನ ಟೈರಿಗೆ ಬೇಕು. ಅದು ಅಗಲ; ವೇಗ ಹೆಚ್ಚಿದರೆ ನೀರಿನ ಪದರದ ಮೇಲೆ ತೇಲಿಬಿಡುತ್ತದೆ. ಸೈಕಲ್ಲಿನ ಟೈರು ಕಿರಿದು, ದುಂಡು, ಒತ್ತಡವೂ ಹೆಚ್ಚು. ಅದು ತೇಲಬೇಕಾದರೆ ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗ ಬೇಕು. ಹಲ್ಲಿನ ಕೆಲಸ ಶುರುವಾಗುವುದು ಸಡಿಲ ಮಣ್ಣಿನಲ್ಲಿ. ಅಲ್ಲಿ ಅದು ನೆಲಕ್ಕೆ ಊರಿಕೊಂಡು ಹಿಡಿಯುತ್ತದೆ.

ಎರಡೂ ದಾರಿ ತುಳಿಯುವವನಿಗೆ ನಡುವೆ ಹೆಚ್ಚುಕಡಿಮೆ ನುಣುಪಾಗಿದ್ದು, ಎರಡು ಬದಿಗಳಲ್ಲಿ ಮಾತ್ರ ಗಿಡ್ಡ ಹಲ್ಲುಗಳಿರುವ ಟೈರು ಒಳ್ಳೆಯದು. ಅಗಲ 38ರಿಂದ 42 ಮಿಲಿಮೀಟರು ಸಾಕು. ಫ್ರೇಮಿಗೂ ಟೈರಿಗೂ ನಡುವೆ ಕೆಸರು ಸಿಕ್ಕಿಕೊಳ್ಳದಷ್ಟು ಜಾಗ ಉಳಿಯುವುದೇ ಎಂದು ಮೊದಲೇ ನೋಡಬೇಕು.

ಕೊಳ್ಳುವಾಗ ಇಂಚಿನ ಲೆಕ್ಕ ನಂಬಿದರೆ ಮೋಸಹೋಗಬಹುದು. 28 ಇಂಚು ಎಂದು ಕರೆಯುವ ಹೈಬ್ರಿಡ್ ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ 622 ಮಿ.ಮೀ. ಹಳೆಯ ಕರಿ ಸೈಕಲ್ಲಿನ 28 × 1½ ಟೈರಿಗೆ ಅದೇ ಅಳತೆ 635. ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂರದು. ಟೈರಿನ ಬದಿಯಲ್ಲಿ 40-622 ಎಂಬಂಥ ಸಂಖ್ಯೆ ಇರುತ್ತದೆ. ಮೊದಲಿನದು ಅಗಲ, ಎರಡನೆಯದು ವ್ಯಾಸ. ಹಳೆಯ ಟೈರಿನ ಈ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಎರಡು ಸಲ ಅಲೆಯುವುದು ತಪ್ಪುತ್ತದೆ.

ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದರು. ಮಗನ ಮೂರು ಚಕ್ರದ ಸೈಕಲ್ಲು ಒರಟು ದಾರಿಯಲ್ಲಿ ಕುಲುಕದಿರಲಿ ಎಂಬುದೇ ಅದರ ಮೂಲ. ಇಂದಿಗೂ ಟೈರಿನ ಗುಣದಲ್ಲಿ ದೊಡ್ಡ ಪಾಲು ಗಾಳಿಯದೇ. ಟ್ಯೂಬಿನ ಗಾಳಿ ತಾನಾಗಿ ಸೋರುವುದರಿಂದ ವಾರಕ್ಕೊಮ್ಮೆ ಒತ್ತಡ ನೋಡಬೇಕು. ಟೈರಿನ ಬದಿಯಲ್ಲಿ ಮುದ್ರಿಸಿದ ಮಿತಿ ಮೀರಬಾರದು. ಗುಡ್ಡದ ದಾರಿಗೆ ಹೊರಡುವಾಗ ಐದಾರು ಪಿಎಸ್‌ಐ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಅತಿಯಾಗಿ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಪಂಕ್ಚರ್ ಆಗುತ್ತದೆ.

ಹಿಂದಿನ ಟೈರಿಗೆ ಭಾರ ಹೆಚ್ಚು, ಸವೆತವೂ ಬೇಗ. ಹಾಗೆಂದು ಹೊಸದನ್ನು ಹಿಂದೆ ಹಾಕುವುದು ಸರಿಯಲ್ಲ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಒಂದು ಅವಕಾಶವಿದೆ. ಮುಂದಿನದು ಜಾರಿದರೆ ಸವಾರ ನೆಲದ ಮೇಲೆ. ಒಂದೇ ಟೈರು ಕೊಳ್ಳುವಷ್ಟು ಹಣವಿದ್ದರೆ ಹೊಸದು ಮುಂದಕ್ಕೆ, ಮುಂದಿನ ಹಳೆಯದು ಇನ್ನೂ ಗಟ್ಟಿಯಿದ್ದರೆ ಹಿಂದಕ್ಕೆ.

ಜೂನ್ ಕಳೆದ ಮೇಲೆ ಮುರಕಲ್ಲಿನ ಮೇಲೆ ಬೆಳೆಯುವ ಹಸಿರು ಪಾಚಿಗೆ ಮಾತ್ರ ಯಾವ ಟೈರೂ ಮದ್ದಲ್ಲ. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಜಾಣತನ.