ವೇಗಕ್ಕೆ ಮುನ್ನ ತೈಲ

ದಿಂಬಂ ಘಟ್ಟವನ್ನಿಳಿದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ, ಇನ್ನೂ ದೂರ ಸಾಗಿ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಪಥಕ್ಕೋ ತಮ್ಮ ಕಾರನ್ನು ಕೊಂಡೊಯ್ಯುವ ಮೈಸೂರಿನ ತರುಣರು, ಟರ್ಬೊ, ಸೈಲೆನ್ಸರು, ಅಗಲವಾದ ಟೈರು ಮೊದಲಾದವುಗಳಿಗಾಗಿ ವ್ಯಯಮಾಡುವ ದ್ರವ್ಯದಲ್ಲಿ ಅಲ್ಪಾಂಶವೊಂದನ್ನು ಇಂಜಿನಿನ ತಳದಲ್ಲಿರುವ ಎಣ್ಣೆಯ ತೊಟ್ಟಿಗೆ, ಎಂದರೆ ಮೆಕ್ಯಾನಿಕ್ಕುಗಳು ಸಂಪ್ ಎಂದು ಕರೆಯುವ ಭಾಗಕ್ಕೆ, ಮೊದಲೇ ಮೀಸಲಿಡತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಣ ಸರಳವಾದುದು. ಕ್ರ್ಯಾಂಕ್‌ಶಾಫ್ಟು ತನ್ನ ಬೇರಿಂಗುಗಳನ್ನು ನೇರವಾಗಿ ಸ್ಪರ್ಶಿಸದೆ, ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಅಂಶಗಳಷ್ಟು ತೆಳುವಾದ ತೈಲಪಟಲದ ಮೇಲೆ ತೇಲುತ್ತ ತಿರುಗುತ್ತದೆ. ಆ ಪಟಲವನ್ನು ಪೋಷಿಸುವ ಪಂಪು ತೊಟ್ಟಿಯ ತಳದಲ್ಲಿರುವ ಒಂದೇ ಹೀರುಕೊಳವೆಯನ್ನು ನಂಬಿಕೊಂಡಿರುತ್ತದೆ. ಒಳ್ಳೆಯ ಟೈರು ತೊಟ್ಟ ಕಾರು ದೀರ್ಘವಾದ ತಿರುವಿನಲ್ಲಿ ಸುಮಾರು 1 ಜಿಯಷ್ಟು, ಎಂದರೆ ತನ್ನ ತೂಕಕ್ಕೆ ಸಮನಾದ, ಪಾರ್ಶ್ವಬಲಕ್ಕೆ ಒಳಗಾದಾಗ ಎಣ್ಣೆಯ ಮೇಲ್ಮೈ 45 ಡಿಗ್ರಿ ಓರೆಯಾಗಿ, ಎಣ್ಣೆಯೆಲ್ಲ ತೊಟ್ಟಿಯ ಒಂದು ಗೋಡೆಯನ್ನೇರಿ ನಿಲ್ಲಲು, ಕೊಳವೆ ಗಾಳಿಯನ್ನು ಹೀರತೊಡಗುತ್ತದೆ. ಕೆಲವು ಕ್ಷಣಗಳ ಈ ತೈಲಕ್ಷಾಮದಿಂದ ಬೇರಿಂಗುಗಳು ಸವೆದು ಬೆಸೆದುಹೋಗುವುದುಂಟು. ಎಚ್ಚರಿಕೆಯ ಕೆಂಪು ದೀಪವನ್ನು ನೆಚ್ಚುವಂತಿಲ್ಲ. ಒತ್ತಡ ಬಹುಮಟ್ಟಿಗೆ ಇಳಿದುಹೋದ ಮೇಲೆ ಮಾತ್ರ ಅದು ಬೆಳಗುವುದರಿಂದ, ಇಂಜಿನು ಪೂರ್ಣವೇಗದಲ್ಲಿರುವಾಗ ಅದರ ಸೂಚನೆ ಬಹು ತಡವಾದುದು.

ಎಣ್ಣೆಯ ಈ ವಿವೇಕ ನಮ್ಮ ಊರಿಗೆ ಅಪರಿಚಿತವಲ್ಲ. 1960ರ ದಶಕದ ಆದಿಯಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳ ಟೂ-ಸ್ಟ್ರೋಕ್ ಇಂಜಿನಿಗೆ ಪೆಟ್ರೋಲಿನೊಡನೆ ಬೆರೆತ ಎಣ್ಣೆಯೇ ಜೀವಾಧಾರವಾಗಿತ್ತು. ಚಾಮುಂಡಿಬೆಟ್ಟದಂತಹ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ, ಗೇರಿನಲ್ಲೇ ಇಳಿದರೆ, ಪೆಟ್ರೋಲು ತೀರ ಕಡಮೆಯಾದೊಡನೆ ಎಣ್ಣೆಯೂ ತೀರ ಕಡಮೆಯಾಗಿ, ಇಂಜಿನು ಮಾತ್ರ ವೇಗವಾಗಿ ತಿರುಗುತ್ತಿರುತ್ತದೆ. ಆದುದರಿಂದಲೇ ಅಂತಹ ಇಂಜಿನನ್ನು ಬಲ್ಲವರು ಇಳಿಯುವಾಗಲೂ ನಡುನಡುವೆ ಆಕ್ಸಿಲರೇಟರನ್ನು ತುಸು ತಿರುವುತ್ತಾರೆ. ಸ್ವೀಡನ್ನಿನ ಸಾಬ್ ಕಂಪನಿ ತನ್ನ ಟೂ-ಸ್ಟ್ರೋಕ್ ಕಾರುಗಳಿಗೆ ಇದೇ ಭಯದಿಂದ, ಇಳಿಜಾರಿನಲ್ಲಿ ಚಕ್ರಗಳು ಇಂಜಿನನ್ನು ತಿರುಗಿಸದಂತೆ ಬಿಡಿಸುವ ಫ್ರೀವೀಲನ್ನು ಅಳವಡಿಸಿತ್ತು. ಸವಾರನ ಕೈಚಳಕಕ್ಕೆ ಖರ್ಚಿಲ್ಲ. ಅದು ಉಳಿಸುತ್ತಿದ್ದುದು ಇಡೀ ಇಂಜಿನನ್ನು.

ಕಾರಿನ ವಿಷಯದಲ್ಲೂ ಮೊದಲ ಉಪಾಯ ಇಷ್ಟೇ ಅಗ್ಗವಾದುದು: ಪಥಕ್ಕಿಳಿಯುವ ಮುನ್ನ, ಸಮತಲದಲ್ಲಿ ನಿಲ್ಲಿಸಿ, ಎಣ್ಣೆ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯವರೆಗೆ ಇದೆಯೇ ಎಂದು ನೋಡುವುದು. ಕೆಲವರು ಅರ್ಧ ಲೀಟರು ಹೆಚ್ಚಾಗಿಯೇ ತುಂಬುತ್ತಾರೆ. ಕೆಲವು ಇಂಜಿನುಗಳಿಗೆ ಅದು ಹಿತವಾದರೂ, ಬೇರೆ ಕೆಲವುಗಳಲ್ಲಿ ಕ್ರ್ಯಾಂಕ್‌ಶಾಫ್ಟು ಎಣ್ಣೆಯನ್ನು ಕಡೆದು ನೊರೆ ಮಾಡುವುದರಿಂದ ಲಾಭಕ್ಕಿಂತ ಹಾನಿಯೇ ಅಧಿಕ. ತನ್ನ ಇಂಜಿನಿನ ಸ್ವಭಾವವನ್ನರಿಯದವನು ಹಾಗೆ ಮಾಡಬಾರದು. ಎಣ್ಣೆಯ ಒತ್ತಡವನ್ನು ತೋರಿಸುವ ಒಂದು ಗೇಜನ್ನು ಕಣ್ಣೆದುರಿಗೆ ಕೂರಿಸುವುದು ಎರಡನೆಯದು. ತಿರುವಿನಲ್ಲಿ ಮುಳ್ಳು ಕುಸಿದರೆ ಚಾಲಕ ಆ ಕ್ಷಣವೇ ಕಾಲನ್ನು ಸಡಿಲಿಸಬಹುದು. ಆದರೆ ನಿಜವಾದ ಪರಿಹಾರವಿರುವುದು ಬ್ಯಾಫಲ್ ಎಂಬ ತಡೆಹಲಗೆಯಲ್ಲಿ. ಸಂಪನ್ನು ಬಿಚ್ಚಿ, ಹೀರುಕೊಳವೆಯ ಸುತ್ತ ತಗಡಿನ ಗೋಡೆಗಳನ್ನು ಬೆಸೆದು, ಎಣ್ಣೆ ಒಳಕ್ಕೆ ಬರುವಂತೆಯೂ ಹೊರಕ್ಕೆ ಹೋಗದಂತೆಯೂ ಒಮ್ಮುಖವಾದ ಪುಟ್ಟ ಬಾಗಿಲುಗಳನ್ನಿಟ್ಟರೆ, ಕಾರು ಎತ್ತ ವಾಲಿದರೂ ಕೊಳವೆಯ ಬುಡದಲ್ಲಿ ಎಣ್ಣೆಯ ಸಂಚಯ ಉಳಿಯುತ್ತದೆ. ಅಲ್ಯುಮಿನಿಯಮ್ಮಿನ ಸಂಪಾದರೆ ಬೆಸುಗೆಗೆ ಹೆಚ್ಚಿನ ಪರಿಣತಿ ಬೇಕು. ಉಕ್ಕಿನದಾದರೆ ನಮ್ಮ ಊರಿನ ನುರಿತ ವೆಲ್ಡರಿಗೆ ಇದು ಅಸಾಧ್ಯವಾದ ಕೆಲಸವಲ್ಲ. ಒತ್ತಡ ಇಳಿದೊಡನೆ ಎಣ್ಣೆಯನ್ನು ಹೊರನೂಕುವ ಅಕ್ಯುಮುಲೇಟರು ಇದಕ್ಕಿಂತ ದುಬಾರಿ. ಪ್ರತ್ಯೇಕ ತೊಟ್ಟಿಯೂ ಹಲವು ಪಂಪುಗಳೂ ಉಳ್ಳ ಡ್ರೈ ಸಂಪ್ ಲಕ್ಷಗಟ್ಟಲೆ ರೂಪಾಯಿಯ ವ್ಯವಸ್ಥೆ. ಹವ್ಯಾಸಿಗೆ ಅದರ ಅಗತ್ಯ ವಿರಳ.

ವಿದ್ಯಾರ್ಥಿಗಳು ಪಂದ್ಯಗಳಿಗಾಗಿ ನಿರ್ಮಿಸುವ ಫಾರ್ಮುಲಾ ಕಾರುಗಳಲ್ಲಿ ಈ ಸಮಸ್ಯೆ ಇನ್ನೂ ತೀಕ್ಷ್ಣವಾಗುತ್ತದೆ. ಇಂಜಿನು 710 ಸಿಸಿಯನ್ನು ಮೀರದಿರಬೇಕೆಂಬ ನಿಯಮದಿಂದಾಗಿ ಅವರು ಬಹುಮಟ್ಟಿಗೆ ಬೈಕಿನ ಇಂಜಿನನ್ನೇ ಆಶ್ರಯಿಸುತ್ತಾರೆ. ಬೈಕು ತಿರುವಿನಲ್ಲಿ ತಾನೂ ವಾಲುವುದರಿಂದ ಎಣ್ಣೆ ತೊಟ್ಟಿಯ ತಳದಲ್ಲಿಯೇ ನೆಲೆಸಿರುತ್ತದೆ. ಅದೇ ಇಂಜಿನನ್ನು ವಾಲದ ಕಾರಿನಲ್ಲಿ ಕೂರಿಸಿದೊಡನೆ ಎಣ್ಣೆ ಪಕ್ಕಕ್ಕೆ ನುಗ್ಗುತ್ತದೆ. ಉತ್ತಮವಾದ ಇಂಜಿನು ಮೊದಲ ಪಂದ್ಯದಲ್ಲಿಯೇ ಹಾಳಾಗುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಇದೆಲ್ಲ ಪಂದ್ಯಪಥದ ಮಾತು. ಗಂಟೆಗೆ 100 ಕಿಲೋಮೀಟರಿನ ಮಿತಿಯುಳ್ಳ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನಿಯಮವರಿತು ಸಾಗುವ ಕಾರಿಗೆ ಸರಿಯಾದ ಮಟ್ಟದ ಎಣ್ಣೆಯೊಂದೇ ಸಾಕು. ಅಲ್ಲಿ ಪಂದ್ಯದ ಗೀಳು ಯಾರಿಗೂ ಬೇಡ.

1946ರಲ್ಲಿ ಸ್ಥಾಪಿತವಾದ ಎನ್‌ಐಇಯೂ, 1963ರಲ್ಲಿ ಆರಂಭವಾದ ಎಸ್‌ಜೆಸಿಇಯೂ ಎಂಬ ಇಂಜಿನಿಯರಿಂಗ್ ಕಾಲೇಜುಗಳಿರುವ ಈ ನಗರದ ಅಧ್ಯಾಪಕರಲ್ಲಿ ನನ್ನದೊಂದು ಪ್ರಾರ್ಥನೆ: ಸಂಪಿನಲ್ಲಿ ಅಳತೆಮಾಡಿದ ಎಣ್ಣೆಯನ್ನು ತುಂಬಿ, ಅದನ್ನು 45 ಡಿಗ್ರಿ ಓರೆಯಾಗಿಸಿ, ಹೀರುಕೊಳವೆ ಮುಳುಗಿರುವುದೋ ಇಲ್ಲವೋ ಎಂದು ಪರೀಕ್ಷಿಸುವುದನ್ನೂ, ಅದಕ್ಕೆ ತಕ್ಕ ತಡೆಹಲಗೆಯನ್ನು ರಚಿಸುವುದನ್ನೂ ವರ್ಕ್‌ಶಾಪಿನ ಪಾಠಗಳಲ್ಲಿ ಸೇರಿಸಿರಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ನಕ್ಷೆಗಳನ್ನು ಊರಿನ ಗ್ಯಾರೇಜುಗಳಿಗೆ ಉಚಿತವಾಗಿ ಕೊಡಿರಿ.